ಜೋಡಿ ಬೇರೆ, ಪ್ರತಿ ಬೇರೆ

ನಮ್ಮ ವಾಚನಾಲಯದಲ್ಲಿ ಪತ್ರಿಕೆಗಳ ಮೇಜಿನ ಹಿಂದೆ ಜಾಲರಿ ಬಾಗಿಲಿನ ಒಂದು ಸಣ್ಣ ಕಪಾಟಿದೆ. ದಿನವೂ ಬರುವ ಮಿತ್ರರಲ್ಲಿ ಅದನ್ನು ನೋಡದವರಿಲ್ಲ. ಅದರೊಳಗೇನಿದೆಯೆಂದು ಕೇಳಿದವರು ಮಾತ್ರ ಕಡಿಮೆ. ಹಗಲಿರುಳು ಸಣ್ಣ ದನಿಯಲ್ಲಿ ಗುಂಯ್ ಎನ್ನುತ್ತಿರುವ ಒಂದು ಕಂಪ್ಯೂಟರ್ ಅದರೊಳಗಿದೆ. ಅದಕ್ಕೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಇಂಥದನ್ನು ಸರ್ವರ್ ಎನ್ನುತ್ತಾರೆ. ಪುಸ್ತಕಗಳ ಪಟ್ಟಿ, ಸದಸ್ಯರ ದಾಖಲೆ, ಎರವಲು ಕೊಟ್ಟ ಪುಸ್ತಕಗಳ ಲೆಕ್ಕ, ಸಂಘದ ಜಮಾಖರ್ಚು, ಸ್ಕ್ಯಾನ್ ಮಾಡಿಟ್ಟ ಹಳೆಯ ಸಂಚಿಕೆಗಳು, ಹಿರಿಯ ಸದಸ್ಯರ ಮಾತುಗಳ ಧ್ವನಿಮುದ್ರಣ, ಸಮಾರಂಭಗಳ ಚಿತ್ರಮುದ್ರಣ, ಎಲ್ಲವೂ ಇರುವುದು ಅದರಲ್ಲಿಯೇ.

ಕಳೆದ ಆಷಾಢದಲ್ಲಿ ಅಲ್ಲಿ ಒಂದು ಅನಾಹುತ ನಡೆಯಿತು. ಸದಸ್ಯರಿಂದ ಅದನ್ನು ಮುಚ್ಚಿಡುವುದು ಧರ್ಮವಲ್ಲ. ಅಲ್ಲದೆ, ಅದರಿಂದ ನಾವು ಕಲಿತದ್ದು ಬೇರೆಯವರಿಗೂ ಉಪಯೋಗವಾದೀತು. ಆದಕಾರಣ ಈ ಲೇಖನ.

ನಮ್ಮ ಸ್ವಯಂಸೇವಕ ಹುಡುಗನೊಬ್ಬ ಒಂದು ಸಂಜೆ ಸರ್ವರಿನಲ್ಲಿದ್ದ ಕಡತಗಳನ್ನು ಓರಣಗೊಳಿಸುತ್ತಿದ್ದ. ಒಂದೇ ಹೆಸರಿನ ಎರಡು ಫೋಲ್ಡರುಗಳು ಅವನ ಕಣ್ಣಿಗೆ ಬಿದ್ದುವು. ಒಂದು ಹೆಚ್ಚಿನದೆಂದು ತಿಳಿದು ಅಳಿಸಿದ. ಅವನು ಅಳಿಸಿದ್ದೇ ನಿಜವಾದದ್ದು. ಉಳಿದದ್ದರಲ್ಲಿ ಬರಿಯ ಹೆಸರುಗಳ ಪಟ್ಟಿ ಮಾತ್ರ ಇತ್ತು. ಹುಡುಗ ಅಳುಮೋರೆ ಹಾಕಿಕೊಂಡು ಬಂದಾಗ ನಾವು ಅವನಿಗೆ ಧೈರ್ಯ ಹೇಳಿದೆವು: "ಚಿಂತೆ ಮಾಡಬೇಡ ತಮ್ಮಾ, ಸರ್ವರಿನಲ್ಲಿ ಎರಡು ಡಿಸ್ಕುಗಳಿವೆ. ಒಂದರಲ್ಲಿ ಹೋದದ್ದು ಇನ್ನೊಂದರಲ್ಲಿ ಇದ್ದೇ ಇರುತ್ತದೆ." ಇನ್ನೊಂದನ್ನು ತೆಗೆದು ನೋಡಿದೆವು. ಅಲ್ಲಿಯೂ ಆ ಫೋಲ್ಡರು ಇರಲಿಲ್ಲ. ಮೊದಲನೆಯದರಲ್ಲಿ ಅಳಿಸಿದ ಕ್ಷಣದಲ್ಲೇ ಎರಡನೆಯದರಲ್ಲೂ ಅಳಿಸಿಹೋಗಿತ್ತು.

ಹಿರಿಯ ಸದಸ್ಯರೊಬ್ಬರು ಎಂಟು ತಿಂಗಳ ಹಿಂದೆ ಮನೆಯಲ್ಲಿ ಓದಲೆಂದು ಆ ಫೋಲ್ಡರನ್ನು ತಮ್ಮ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿದ್ದರು. ಅವರ ಪುಣ್ಯದಿಂದ ಹಳೆಯ ಸಂಚಿಕೆಗಳು ಬಹುಮಟ್ಟಿಗೆ ಮರಳಿ ಬಂದುವು. ಆ ಎಂಟು ತಿಂಗಳಲ್ಲಿ ಸೇರಿಸಿದ್ದು ಬರಲಿಲ್ಲ. ಅದರಲ್ಲಿ ಒಬ್ಬ ಹಿರಿಯರ ಒಂದೂವರೆ ಗಂಟೆಯ ಮಾತಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತರಾಗಿ ನಿವೃತ್ತರಾದ ತಮ್ಮ ಕಥೆಯನ್ನು ಅವರು ನಮ್ಮ ಮುಂದೆ ಹೇಳಿಕೊಂಡಿದ್ದರು. ಅವರು ಯುಗಾದಿಗೆ ಮುನ್ನವೇ ತೀರಿಕೊಂಡರು. ಆ ಧ್ವನಿಯನ್ನು ಇನ್ನು ಯಾರೂ ಮುದ್ರಿಸಿ ತರಲಾರರು. ಅದನ್ನು ಕೇಳಬೇಕೆಂದು ಅವರ ಮಗಳು ಬಂದಾಗ ನಾವು ತಲೆ ತಗ್ಗಿಸಿ ನಿಲ್ಲಬೇಕಾಯಿತು.

ತಪ್ಪು ಆ ಹುಡುಗನದಲ್ಲ, ನಮ್ಮದು. ಜೋಡಿಯನ್ನೇ ಪ್ರತಿಯೆಂದು ನಾವು ನಂಬಿದ್ದೆವು. ನಮ್ಮ ಸದಸ್ಯರಲ್ಲಿ ಅನೇಕರು ಆಫೀಸು, ಅಂಗಡಿ, ಹೌಸಿಂಗ್ ಸೊಸೈಟಿಗಳಲ್ಲಿ ಗುಮಾಸ್ತರು. "ಕಂಪ್ಯೂಟರನ್ನೂ ನೀವೇ ನೋಡಿಕೊಳ್ಳಿ" ಎಂದು ಅವರ ತಲೆಗೆ ಕಟ್ಟಿರುತ್ತಾರೆಯೇ ಹೊರತು ಹೇಗೆ ನೋಡಿಕೊಳ್ಳಬೇಕೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಅಂಥವರಿಗಾಗಿ ಈ ವಿಷಯವನ್ನು ಬುಡದಿಂದ ವಿವರಿಸುತ್ತೇವೆ.

ಸರ್ವರ್ ಮಾಡುವ ನಾಲ್ಕು ಕೆಲಸಗಳು

ನಮ್ಮ ಸರ್ವರ್ ದೊಡ್ಡ ಯಂತ್ರವೇನಲ್ಲ, ಸಾಧಾರಣ ಕಂಪ್ಯೂಟರೇ. ಅದರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಹಾಕಿದ್ದೇವೆ. ಇದು 1993ರಲ್ಲಿ ಆರಂಭವಾದದ್ದು. ಇದಕ್ಕೆ ಹಣ ಕೊಡಬೇಕಾಗಿಲ್ಲ. ಸರ್ವರ್ ಎಂಬ ಹೆಸರು ಬಂದದ್ದು ಯಂತ್ರದ ಗಾತ್ರದಿಂದಲ್ಲ, ಅದು ಇತರ ಯಂತ್ರಗಳಿಗೆ ಸಲ್ಲಿಸುವ ಸೇವೆಯಿಂದ.

ಮೊದಲನೆಯ ಸೇವೆ ವಿಳಾಸ ಹಂಚುವುದು. ವಾಚನಾಲಯದ ಪ್ರತಿಯೊಂದು ಕಂಪ್ಯೂಟರಿಗೂ ಫೋನಿಗೂ ಜಾಲದಲ್ಲಿ ಒಂದೊಂದು ಸಂಖ್ಯೆಯ ವಿಳಾಸ ಬೇಕು. ನಮ್ಮ ಸರ್ವರಿನ ವಿಳಾಸ 192.168.1.10. ಇದೇ ಸಂಖ್ಯೆ ಈ ಊರಿನ ಸಾವಿರಾರು ಆಫೀಸುಗಳಲ್ಲಿಯೂ ಇದ್ದೀತು. ಅದರಿಂದ ತೊಂದರೆಯಿಲ್ಲ. ಪ್ರತಿಯೊಂದು ಚಾಳಿನಲ್ಲಿಯೂ 10ನೆಯ ನಂಬರಿನ ಖೋಲಿ ಇರುವುದಿಲ್ಲವೆ? ಹಾಗೆಯೇ ಇದು. 192.168 ಎಂದು ಮೊದಲಾಗುವ ವಿಳಾಸಗಳನ್ನು ಒಳಜಾಲಗಳ ಉಪಯೋಗಕ್ಕೆಂದೇ ಗೊತ್ತುಮಾಡಿಟ್ಟಿದ್ದಾರೆ. ಬರುವವರಿಗೆಲ್ಲ ಈ ವಿಳಾಸವನ್ನು ತಾನಾಗಿ ಹಂಚುವ ಏರ್ಪಾಟಿಗೆ ಡಿಎಚ್‌ಸಿಪಿ ಎಂದು ಹೆಸರು. ಕೊಡುವುದು ದಾನವಲ್ಲ, ಬಾಡಿಗೆ. ಇಷ್ಟು ಹೊತ್ತಿಗೆ ಎಂದು ವಾಯಿದೆ ಇರುತ್ತದೆ. ನಾವು 100ರಿಂದ 199ರ ವರೆಗಿನ ನೂರು ವಿಳಾಸಗಳನ್ನು ಹಂಚುವುದಕ್ಕೆ ಬಿಟ್ಟಿದ್ದೇವೆ. ವಾಯಿದೆ ಮೊದಲು 24 ಗಂಟೆ ಇತ್ತು. ಭಾನುವಾರ ನೂರಕ್ಕೂ ಹೆಚ್ಚು ಮಂದಿ ಫೋನು ಹಿಡಿದು ಬಂದರೆ, ಬೆಳಿಗ್ಗೆ ಬಂದು ಹೋದವರ ವಿಳಾಸ ಮರುದಿನದ ವರೆಗೆ ಬಿಡುಗಡೆಯಾಗುತ್ತಿರಲಿಲ್ಲ. ಸಂಜೆ ಬಂದವರಿಗೆ ವಿಳಾಸವೇ ಇಲ್ಲ. "ವೈಫೈ ಕೆಟ್ಟಿದೆ" ಎಂದು ಎಲ್ಲರೂ ದೂರುತ್ತಿದ್ದರು. ವಾಯಿದೆಯನ್ನು 2 ಗಂಟೆಗೆ ಇಳಿಸಿದ ಮೇಲೆ ದೂರು ನಿಂತಿತು.

ಇಲ್ಲಿ ಎರಡು ಎಚ್ಚರಿಕೆಗಳು. ಸರ್ವರ್, ಮುದ್ರಣಯಂತ್ರ ಮುಂತಾದ ಸ್ಥಿರ ವಸ್ತುಗಳ ವಿಳಾಸವನ್ನು ಹಂಚುವ ಗುಂಪಿನ ಹೊರಗೆ ಇಡಬೇಕು. ಇಲ್ಲವಾದರೆ ಅದೇ ವಿಳಾಸ ಯಾರದೋ ಫೋನಿಗೂ ಹೋಗಿ ಜಗಳವಾಗುತ್ತದೆ. ಎರಡನೆಯದು, ಇಂಟರ್‌ನೆಟ್ ಕಂಪನಿಯವರು ಕೊಡುವ ರೂಟರ್ ಪೆಟ್ಟಿಗೆಯೂ ಸಾಮಾನ್ಯವಾಗಿ ವಿಳಾಸ ಹಂಚುತ್ತಿರುತ್ತದೆ. ಸರ್ವರ್ ಹಂಚತೊಡಗಿದ ಮೇಲೆ ಪೆಟ್ಟಿಗೆಯ ಹಂಚಿಕೆಯನ್ನು ನಿಲ್ಲಿಸಬೇಕು. ಒಂದು ಮನೆಗೆ ಇಬ್ಬರು ಯಜಮಾನರು ಆಗಬಾರದು.

ಎರಡನೆಯ ಸೇವೆ ಹೆಸರು ಹೇಳುವುದು. ಮನುಷ್ಯರಿಗೆ ಸಂಖ್ಯೆ ನೆನಪಿರದು, ಹೆಸರು ನೆನಪಿರುತ್ತದೆ. ಹೆಸರು ಕೇಳಿ ಸಂಖ್ಯೆ ತಿಳಿಸುವ ಏರ್ಪಾಟಿಗೆ ಡಿಎನ್‌ಎಸ್ ಎನ್ನುತ್ತಾರೆ. 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ಇದರ ರೂಪರೇಷೆಯನ್ನು ಬರೆದರು. ನಮ್ಮ ಸರ್ವರಿಗೆ "ಭಂಡಾರ" ಎಂದು ಹೆಸರಿಟ್ಟಿದ್ದೇವೆ. ಹೆಸರು ಬರೆದರೆ ಸಾಕು, ಪುಸ್ತಕಪಟ್ಟಿ ತೆರೆಯುತ್ತದೆ. ಮುನ್ನೆಚ್ಚರಿಕೆಗೆಂದು ಹೆಸರು ಹೇಳುವವರು ಇಬ್ಬರಿರಲಿ ಎಂದು ಎರಡನೆಯ ವಿಳಾಸವನ್ನೂ ಕೊಡುವ ವಾಡಿಕೆಯಿದೆ. ಮೊದಲನೆಯದು ಸತ್ತರೆ ಮಾತ್ರ ಎರಡನೆಯದನ್ನು ಕೇಳುತ್ತಾರೆಂದು ಹಲವರು ತಿಳಿದಿದ್ದಾರೆ. ಹಾಗೇನೂ ಖಚಿತವಿಲ್ಲ, ಕೆಲವು ಯಂತ್ರಗಳು ಯಾವಾಗ ಬೇಕಾದರೂ ಎರಡನೆಯದನ್ನು ಕೇಳಬಹುದು. ಅದಕ್ಕೆ "ಭಂಡಾರ" ಎಂಬ ಹೆಸರೇ ಗೊತ್ತಿಲ್ಲದಿದ್ದರೆ ಪಟ್ಟಿ ಒಮ್ಮೆ ತೆರೆಯುತ್ತದೆ, ಒಮ್ಮೆ ತೆರೆಯುವುದಿಲ್ಲ. ಇಬ್ಬರನ್ನು ಇಡುವುದಾದರೆ ಇಬ್ಬರಿಗೂ ಒಂದೇ ಪಾಠ ಒಪ್ಪಿಸಿರಬೇಕು.

ಮೂರನೆಯದು ಕಾಲ ತಿಳಿಸುವುದು. ಇದು ಎನ್‌ಟಿಪಿ ಎಂಬ ಏರ್ಪಾಟು. 1985ರಲ್ಲಿ ಡೇವಿಡ್ ಮಿಲ್ಸ್ ಎಂಬವರು ಇದನ್ನು ಪ್ರಕಟಿಸಿದರು. ಗಡಿಯಾರ ನಾಲ್ಕು ನಿಮಿಷ ಹಿಂದೆ ಬಿದ್ದರೆ ಏನು ಮುಳುಗೀತು ಎಂದು ಕೇಳಬಹುದು. ಹಳೆಯ ಕಂಪ್ಯೂಟರಿನೊಳಗಿನ ನಾಣ್ಯದಂಥ ಬ್ಯಾಟರಿ ಸತ್ತರೆ ಅದರ ಗಡಿಯಾರ ನಾಲ್ಕು ನಿಮಿಷವಲ್ಲ, ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಯಾವ ಕಡತ ಹೊಸದು, ಯಾವುದು ಹಳೆಯದು ಎಂದು ಪ್ರತಿ ತೆಗೆಯುವ ಕಾರ್ಯಕ್ರಮ ತಾರೀಖು ನೋಡಿ ತೀರ್ಮಾನಿಸುವುದಾದರೆ, ತಾರೀಖು ಸುಳ್ಳಾದಾಗ ಅದರ ತೀರ್ಮಾನವೂ ಸುಳ್ಳಾಗುತ್ತದೆ.

ನಾಲ್ಕನೆಯದು ಕಡತಗಳನ್ನು ಹಂಚಿಕೊಳ್ಳುವುದು. ಇದಕ್ಕೆ ಸಾಂಬಾ ಎಂಬ ಕಾರ್ಯಕ್ರಮವನ್ನು ಉಪಯೋಗಿಸುತ್ತೇವೆ. ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್ 1992ರಲ್ಲಿ ಇದನ್ನು ಹೊರತಂದರು. ವಿಂಡೋಸ್ ಕಂಪ್ಯೂಟರಿನಲ್ಲಿ ಕುಳಿತವರಿಗೆ ಲಿನಕ್ಸ್ ಸರ್ವರಿನ ಕಡತ ತಮ್ಮದೇ ಡಿಸ್ಕಿನಲ್ಲಿರುವಂತೆ ಕಾಣುವುದು ಇದರಿಂದಲೇ. ಇಲ್ಲಿ ನಾವು ಮಾಡಿದ್ದ ಮೊದಲ ತಪ್ಪು, ಎಲ್ಲರಿಗೂ ಎಲ್ಲವನ್ನೂ ಅಳಿಸುವ ಅಧಿಕಾರ ಕೊಟ್ಟದ್ದು. ಈಗ ಹಳೆಯ ಸಂಚಿಕೆ ಮತ್ತು ಧ್ವನಿಮುದ್ರಣಗಳನ್ನು ಎಲ್ಲರೂ ಓದಬಹುದು, ಕೇಳಬಹುದು. ಬದಲಿಸುವ ಅಧಿಕಾರ ಇಬ್ಬರಿಗೆ ಮಾತ್ರ.

ಜೋಡಿ ಡಿಸ್ಕಿನಿಂದ ಏನು ಲಾಭ

ಡಿಸ್ಕ್ ಎಂಬುದು ಸವೆಯುವ ವಸ್ತು. ಒಂದಲ್ಲ ಒಂದು ದಿನ ನಿಲ್ಲುತ್ತದೆ. ಆದ್ದರಿಂದ ಎರಡು ಡಿಸ್ಕುಗಳನ್ನಿಟ್ಟು, ಒಂದರಲ್ಲಿ ಬರೆದುದನ್ನು ಅದೇ ಕ್ಷಣ ಇನ್ನೊಂದರಲ್ಲಿಯೂ ಬರೆಯುವ ಕ್ರಮವಿದೆ. ಇಂಥ ಜೋಡಣೆಗಳಿಗೆ ರೇಡ್ ಎಂದು ಹೆಸರು ಬಂದದ್ದು ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಸ್ ಎಂಬ ಮೂವರು ವಿದ್ವಾಂಸರು 1988ರಲ್ಲಿ ಪ್ರಕಟಿಸಿದ ಲೇಖನದಿಂದ. ದುಬಾರಿಯಾದ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಸಣ್ಣ ಡಿಸ್ಕುಗಳನ್ನು ಕೂಡಿಸಿ ಕೆಲಸ ತೆಗೆಯಬಹುದೆಂಬುದು ಅವರ ವಾದ.

ಈ ಜೋಡಿಯಿಂದಾಗುವ ಲಾಭ ಒಂದೇ: ಒಂದು ಡಿಸ್ಕ್ ಸತ್ತರೆ ಕೆಲಸ ನಿಲ್ಲುವುದಿಲ್ಲ. ಕನ್ನಡಿಯ ಮುಂದೆ ನಿಂತು ನಾವು ಮುಖಕ್ಕೆ ಮಸಿ ಬಳಿದುಕೊಂಡರೆ ಕನ್ನಡಿಯೊಳಗಿನ ಮುಖಕ್ಕೂ ಮಸಿ ಹತ್ತುತ್ತದೆ. ಅಳಿಸಿದ್ದು, ತಪ್ಪಾಗಿ ಬರೆದದ್ದು, ವೈರಸ್ ಕೆಡಿಸಿದ್ದು, ಎಲ್ಲವೂ ಎರಡು ಕಡೆಗೂ ಒಮ್ಮೆಗೇ ಹೋಗುತ್ತವೆ. ಕೆಲಸ ನಿಲ್ಲದಂತೆ ನೋಡುವುದು ಜೋಡಿ. ಹೋದದ್ದನ್ನು ಮರಳಿ ತರುವುದು ಪ್ರತಿ. ಎರಡೂ ಬೇಕು. ಒಂದು ಇನ್ನೊಂದರ ಕೆಲಸ ಮಾಡದು.

ಜೋಡಿಯಲ್ಲಿಯೂ ನೋಡಿಕೊಳ್ಳಬೇಕಾದ ಸಂಗತಿಗಳಿವೆ. ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ ಕೊಂಡ ಎರಡು ಡಿಸ್ಕುಗಳು ಒಂದೇ ಪ್ರಾಯದಲ್ಲಿ ಮುದಿಯಾಗುತ್ತವೆ. ಬೇರೆ ಬೇರೆ ತಯಾರಿಕೆಯವನ್ನು ಕೊಳ್ಳುವುದು ಲೇಸು. ಒಂದು ಡಿಸ್ಕ್ ಸತ್ತಾಗ ಸರ್ವರ್ ಮಿಂಚಂಚೆ ಕಳಿಸುವಂತೆ ಮಾಡಿರಬೇಕು, ಅದನ್ನು ಓದುವವರೂ ಇರಬೇಕು. ಇಲ್ಲದಿದ್ದರೆ ಅದು ಒಂಟಿ ಕಾಲಿನಲ್ಲಿ ತಿಂಗಳುಗಟ್ಟಲೆ ಕುಂಟುತ್ತಿದ್ದರೂ ಯಾರಿಗೂ ತಿಳಿಯದು.

ಬದಲಿ ಯಂತ್ರದ ವಿಷಯವೂ ಇಷ್ಟೇ. ಸರ್ವರೇ ಸತ್ತರೆ ಏನು ಗತಿ? ಅದು ವಿಳಾಸ ಹಂಚದಿದ್ದರೆ ಹೊಸದಾಗಿ ಬಂದವರಿಗೆ ಜಾಲವೇ ಇಲ್ಲ. ಅದಕ್ಕಾಗಿ ಗ್ರಂಥಪಾಲಕರ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರನ್ನು ಸಿದ್ಧವಾಗಿಟ್ಟಿದ್ದೇವೆ. ಸರ್ವರಿನ ಎಲ್ಲ ವ್ಯವಸ್ಥೆಯ ಕಡತಗಳೂ ದಿನಕ್ಕೊಮ್ಮೆ ಅದಕ್ಕೆ ಹೋಗುತ್ತವೆ. ಆದರೆ ವಿಳಾಸ ಹಂಚುವ, ಹೆಸರು ಹೇಳುವ ಸೇವೆಗಳು ಅದರಲ್ಲಿ ನಿಂತಿರುತ್ತವೆ. ಸರ್ವರ್ ಕೆಟ್ಟಾಗ ನಮ್ಮಲ್ಲೊಬ್ಬರು ಸರ್ವರಿನ ತಂತಿಯನ್ನು ಕಿತ್ತು, ಹಾಳೆಯಲ್ಲಿ ಬರೆದಿರುವ ಕ್ರಮದಲ್ಲಿ ಇದನ್ನು ಎಬ್ಬಿಸುತ್ತಾರೆ. ತಾನಾಗಿಯೇ ಬದಲಾಗುವ ಏರ್ಪಾಟೂ ಉಂಟು. ನಾವು ಅದನ್ನು ಬೇಡವೆಂದೆವು. ನಡುವಿನ ತಂತಿ ಸಡಿಲವಾದರೆ ಎರಡು ಯಂತ್ರಗಳೂ "ಇನ್ನೊಂದು ಸತ್ತಿತು" ಎಂದು ತಿಳಿದು ಒಟ್ಟಿಗೆ ಅಧಿಕಾರ ನಡೆಸತೊಡಗುತ್ತವೆ. ಅದನ್ನು ಬಿಡಿಸುವ ಜಾಣ್ಮೆ ನಮ್ಮಲ್ಲಿಲ್ಲ. ಕಾಲು ಗಂಟೆ ಜಾಲ ನಿಂತರೆ ವಾಚನಾಲಯಕ್ಕೆ ನಷ್ಟವಿಲ್ಲ. ಅಷ್ಟು ಹೊತ್ತು ಪತ್ರಿಕೆ ಓದಬಹುದು.

ಪ್ರತಿ ಎಂದರೆ ಯಾವುದು

ಪ್ರತಿಯ ವಿಷಯದಲ್ಲಿ 3-2-1 ಎಂಬ ಒಂದು ಸೂತ್ರವಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ತಮ್ಮ ಪುಸ್ತಕದಲ್ಲಿ ಬರೆದು ಇದನ್ನು ಪ್ರಸಿದ್ಧಿಗೆ ತಂದರು. ಒಟ್ಟು ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನಗಳ ಮೇಲಿರಲಿ. ಒಂದು ಬೇರೆ ಸ್ಥಳದಲ್ಲಿರಲಿ. ಇಷ್ಟೇ ಸೂತ್ರ. ನಾವು ಅದನ್ನು ಹೀಗೆ ಅನುಸರಿಸುತ್ತಿದ್ದೇವೆ.

ಸರ್ವರಿನಲ್ಲಿರುವುದು ಮೊದಲನೆಯ ಪ್ರತಿ. ರಾತ್ರಿ 9ಕ್ಕೆ ಬಾಗಿಲು ಹಾಕಿದ ಮೇಲೆ, 9-30ಕ್ಕೆ ಗ್ರಂಥಪಾಲಕರ ಕೋಣೆಯ ಬದಲಿ ಯಂತ್ರ ಸರ್ವರಿನಿಂದ ಎಲ್ಲವನ್ನೂ ತನ್ನ ಡಿಸ್ಕಿಗೆ ಎಳೆದುಕೊಳ್ಳುತ್ತದೆ; ಇದು ಎರಡನೆಯದು. "ಎಳೆದುಕೊಳ್ಳುತ್ತದೆ" ಎಂಬ ಮಾತನ್ನು ಗಮನಿಸಬೇಕು. ಸರ್ವರಾಗಲಿ ಇತರ ಕಂಪ್ಯೂಟರುಗಳಾಗಲಿ ಅದರೊಳಗೆ ಬರೆಯುವಂತಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ಕೇಡಿನ ಕಾರ್ಯಕ್ರಮ ಲೋಕದ ನಾನಾ ದೇಶಗಳಲ್ಲಿ ಹರಡಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅಂಥದು ಒಂದು ಕಂಪ್ಯೂಟರಿಗೆ ಹೊಕ್ಕರೆ ಅಲ್ಲಿಂದ ಬರೆಯಲು ಸಿಗುವ ಎಲ್ಲ ಡಿಸ್ಕುಗಳನ್ನೂ ಕೆಡಿಸಬಲ್ಲುದು. ಸದಾ ಸಿಕ್ಕಿಸಿಟ್ಟ ಪೆನ್‌ಡ್ರೈವೂ ಅದರ ಬಾಯಿಗೆ ಬೀಳುತ್ತದೆ.

ಎಳೆದುಕೊಳ್ಳುವ ಕೆಲಸಕ್ಕೆ ಆರ್‌ಸಿಂಕ್ ಎಂಬ ಕಾರ್ಯಕ್ರಮವಿದೆ. ಮೇಲೆ ಹೇಳಿದ ಟ್ರಿಜೆಲ್ ಅವರೇ ಪಾಲ್ ಮೆಕರಸ್ ಎಂಬವರ ಜೊತೆಗೂಡಿ 1996ರಲ್ಲಿ ಇದನ್ನು ರಚಿಸಿದರು. ಇದು ಪ್ರತಿಯೊಂದು ಕಡತದ ಗಾತ್ರವನ್ನೂ ತಾರೀಖನ್ನೂ ನೋಡಿ, ಬದಲಾದುದನ್ನು ಮಾತ್ರ ತರುತ್ತದೆ. ಬದಲಾಗದ ಕಡತವನ್ನು ಮತ್ತೆ ಬರೆಯದೆ, ನಿನ್ನೆಯ ಪ್ರತಿಯಲ್ಲಿರುವುದಕ್ಕೇ ಇವತ್ತಿನ ಹೆಸರನ್ನೂ ಅಂಟಿಸುವಂತೆ ಹೇಳಬಹುದು. ಇದರ ಲಾಭವನ್ನು ಲೆಕ್ಕಮಾಡಿ ನೋಡೋಣ. ನಮ್ಮ ಸಂಗ್ರಹ ಸುಮಾರು 60 ಜಿಬಿ. ಕಳೆದ 7 ದಿನಗಳದು, 4 ವಾರಗಳದು, 12 ತಿಂಗಳುಗಳದು ಎಂದು 23 ಪ್ರತಿಗಳನ್ನು ಇಡುತ್ತೇವೆ. 23 ಪೂರ್ಣ ಪ್ರತಿಗಳಿಗೆ 1,380 ಜಿಬಿ ಬೇಕು. 1,000 ಜಿಬಿಯ ಡಿಸ್ಕಿನಲ್ಲಿ ಹಿಡಿಸದು. ಆದರೆ ದಿನಕ್ಕೆ ಹೊಸದಾಗಿ ಸೇರುವುದು 200 ಎಂಬಿಯಂತೆ 300 ದಿನಕ್ಕೆ 60 ಜಿಬಿ. ಹಳೆಯದೂ ಹೊಸದೂ ಕೂಡಿ 120 ಜಿಬಿಯಲ್ಲಿ ಒಂದು ವರ್ಷದ ಚರಿತ್ರೆಯೆಲ್ಲ ಅಡಗುತ್ತದೆ.

ಇಷ್ಟು ಹಳೆಯ ಪ್ರತಿಗಳು ಏಕೆ ಎಂದರೆ, ತಪ್ಪು ನಡೆದ ದಿನವೇ ತಪ್ಪು ಕಾಣುವುದಿಲ್ಲ. ಜನವರಿಯಲ್ಲಿ ಅಳಿಸಿಹೋದದ್ದು ಮಾರ್ಚಿನಲ್ಲಿ ಯಾರೋ ಕೇಳಿದಾಗ ತಿಳಿಯುತ್ತದೆ. ನಿನ್ನೆಯ ಪ್ರತಿ ಒಂದೇ ಇದ್ದರೆ ಅದರಲ್ಲಿ ಇರುವುದೂ ನಿನ್ನೆಯ ಶೂನ್ಯವೇ. ದಿನದ ಪ್ರತಿ, ವಾರದ ಪ್ರತಿ, ತಿಂಗಳ ಪ್ರತಿ ಎಂಬ ಈ ಕ್ರಮವನ್ನು ಬಲ್ಲವರು ಮಗ, ತಂದೆ, ಅಜ್ಜ ಎಂದು ಕರೆಯುತ್ತಾರೆ. ಮಗನಿಗೆ ಗೊತ್ತಿಲ್ಲದ್ದು ಅಜ್ಜನಿಗೆ ನೆನಪಿರುತ್ತದೆ.

ಮೂರನೆಯ ಪ್ರತಿ ಎರಡು ಪೋರ್ಟಬಲ್ ಡಿಸ್ಕುಗಳಲ್ಲಿದೆ. ಒಂದು ವಾಚನಾಲಯದಲ್ಲಿದ್ದರೆ ಇನ್ನೊಂದು ದೂರದ ಉಪನಗರದಲ್ಲಿ ಸಮಿತಿಯ ಸದಸ್ಯರೊಬ್ಬರ ಮನೆಯಲ್ಲಿ ಇರುತ್ತದೆ. ಪ್ರತಿ ಭಾನುವಾರ ಅದಲುಬದಲು. ಇಂಟರ್‌ನೆಟ್ಟಿನ ಮೂಲಕ ಕಳಿಸಬಾರದೆ ಎಂದು ಕೇಳಿದವರಿದ್ದಾರೆ. ಕಳಿಸಬಹುದು. ನಮ್ಮ ತಂತಿಯಲ್ಲಿ ಹೊರಕ್ಕೆ ಹೋಗುವ ವೇಗ ಸೆಕೆಂಡಿಗೆ 20 ಮೆಗಾಬಿಟ್. 60 ಜಿಬಿ ಕಳಿಸಲು 6 ಗಂಟೆ 40 ನಿಮಿಷ ಬೇಕು. ದಿನದ 200 ಎಂಬಿಗಾದರೆ 80 ಸೆಕೆಂಡು ಸಾಕು. ಮೊದಲ ಸಲ ಡಿಸ್ಕನ್ನು ಚೀಲದಲ್ಲಿ ಒಯ್ದು, ಆಮೇಲೆ ಬದಲಾದುದನ್ನು ಮಾತ್ರ ತಂತಿಯಲ್ಲಿ ಕಳಿಸುವುದು ಜಾಣತನ. ಲೋಕಲ್ ಗಾಡಿಯಲ್ಲಿ ಒಯ್ಯುವ ಡಿಸ್ಕಿನಲ್ಲಿ ಸದಸ್ಯರ ವಿಳಾಸ, ಫೋನ್ ನಂಬರುಗಳಿವೆಯಾದ್ದರಿಂದ ಅದನ್ನು ಗುಪ್ತಲಿಪಿಯಲ್ಲಿ ಬೀಗ ಹಾಕಿಯೇ ಒಯ್ಯುತ್ತೇವೆ.

ಬೇರೆ ಬಗೆಯ ಸಾಧನವೆಂದು ನಾವು ಆರಿಸಿಕೊಂಡದ್ದು ಕಾಗದ. ಸದಸ್ಯರ ಪಟ್ಟಿಯನ್ನೂ ವರ್ಷದ ಜಮಾಖರ್ಚನ್ನೂ ಮುದ್ರಿಸಿ ಫೈಲಿನಲ್ಲಿಟ್ಟಿದ್ದೇವೆ. ಅದನ್ನು ಓದಲು ವಿದ್ಯುತ್ತೂ ಬೇಡ. ಧ್ವನಿಯನ್ನು ಕಾಗದದಲ್ಲಿಡಲಾಗದು, ಅದಕ್ಕೆ ಡಿಸ್ಕುಗಳೇ ಗತಿ.

ಬೇರೆ ಸೂರು ಏಕೆ ಬೇಕು

2005ರ ಜುಲೈ 26ನ್ನು ಮುಂಬಯಿಯ ಹಳಬರು ಮರೆತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ದಿನ ನೆಲಮಹಡಿಯ ಕೋಣೆಯಲ್ಲಿ ಮೂರಲ್ಲ, ಮೂವತ್ತು ಪ್ರತಿಗಳಿದ್ದರೂ ಒಂದೇ ನೀರಿನಲ್ಲಿ ಮುಳುಗುತ್ತವೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿ ಆ ದೇಶದ ಸರಕಾರದ ಸರ್ವರುಗಳನ್ನಿಟ್ಟಿರುವ ಕಟ್ಟಡವೊಂದಿದೆ. 2025ರ ಸೆಪ್ಟೆಂಬರ್ 26ರಂದು ಅಲ್ಲಿ ಬೆಂಕಿ ಬಿತ್ತು. ಸರಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇಟ್ಟುಕೊಳ್ಳುತ್ತಿದ್ದ ಭಂಡಾರ, 858 ಟೆರಾಬೈಟ್‌ನಷ್ಟು, ಸುಟ್ಟುಹೋಯಿತು. ಅದಕ್ಕೆ ಹೊರಗೆಲ್ಲೂ ಪ್ರತಿ ಇರಲಿಲ್ಲ. ಗಾತ್ರ ಬಹಳವಾದ್ದರಿಂದ ಪ್ರತಿ ತೆಗೆದಿರಲಿಲ್ಲವೆಂದು ಕಾರಣ ಹೇಳಿದರು. ಬೆಂಕಿ ಹುಟ್ಟಿದ್ದು ಎಲ್ಲಿಂದ? ವಿದ್ಯುತ್ ಹೋದಾಗ ಸರ್ವರುಗಳನ್ನು ಕಾಯಬೇಕಾಗಿದ್ದ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುತ್ತಿದ್ದಾಗ, ಆ ಬ್ಯಾಟರಿಗಳಿಂದಲೇ. ಕೆಲಸ ನಿಲ್ಲದಿರಲೆಂದು ಮಾಡಿದ ಏರ್ಪಾಟು ಪ್ರತಿಯ ಕೊರತೆಯನ್ನು ತುಂಬಲಾರದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಿಲ್ಲ. ಹಾಗೆಂದು ಬ್ಯಾಟರಿಯೇ ಬೇಡವೆಂದಲ್ಲ. ನಮ್ಮ ಕಪಾಟಿನಲ್ಲಿಯೂ ಒಂದು ಯುಪಿಎಸ್ ಇದೆ. ವಿದ್ಯುತ್ ಹೋಗಿ ಬ್ಯಾಟರಿ ಇಳಿಯುತ್ತ ಬಂದಾಗ ಅದು ಸರ್ವರಿಗೆ ಸೂಚನೆ ಕೊಡುತ್ತದೆ. ಸರ್ವರ್ ತೆರೆದ ಕಡತಗಳನ್ನು ಮುಚ್ಚಿ ಕ್ರಮವಾಗಿ ಮಲಗುತ್ತದೆ.

ಬೇರೆ ಬೇರೆ ಕಡೆ ಪ್ರತಿ ಇಡುವ ಬುದ್ಧಿ ಕನ್ನಡಿಗರಿಗೆ ಹೊಸದಲ್ಲ. ಹತ್ತನೆಯ ಶತಮಾನದ ಕೊನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿಸಿದಳೆಂಬುದು ಪ್ರಸಿದ್ಧವಾಗಿದೆ. ಒಲೆಯ ಬೆಂಕಿ, ಮಳೆಯ ನೀರು, ಗೆದ್ದಲು, ಎಲ್ಲಕ್ಕೂ ತುತ್ತಾಗುವ ಓಲೆಗರಿಯ ಕಾಲ ಅದು. ಸಾವಿರವನ್ನೂ ಒಂದೇ ಕಡೆ ಪೇರಿಸಿಡದೆ ಹಂಚಿದ್ದರಲ್ಲಿಯೇ ಅದರ ಸಾರ್ಥಕತೆ ಇರುವುದು.

ತೆಗೆದು ನೋಡದ ಪ್ರತಿ

ಇಷ್ಟೆಲ್ಲ ಮಾಡಿದರೂ ಒಂದು ಕೆಲಸ ಉಳಿಯುತ್ತದೆ. ಸಾಮಾನ್ಯವಾಗಿ ಎಲ್ಲರೂ ಬಿಡುವುದು ಅದನ್ನೇ. ಗಿಟ್‌ಲ್ಯಾಬ್ ಎಂಬ ಕಂಪನಿ ಲೋಕದ ಅಸಂಖ್ಯಾತ ತಂತ್ರಜ್ಞರ ಕೆಲಸವನ್ನು ತನ್ನ ಸರ್ವರುಗಳಲ್ಲಿ ಕಾಪಾಡುತ್ತದೆ. 2017ರ ಜನವರಿ 31ರಂದು ಅಲ್ಲಿಯ ನೌಕರನೊಬ್ಬ ದಣಿದ ಹೊತ್ತಿನಲ್ಲಿ ಒಂದು ಸರ್ವರಿನಲ್ಲಿ ಕೊಡಬೇಕಾದ ಆಜ್ಞೆಯನ್ನು ಇನ್ನೊಂದರಲ್ಲಿ ಕೊಟ್ಟ. ಸುಮಾರು 300 ಜಿಬಿ ದಾಖಲೆ ಅಳಿಸಿಹೋಯಿತು. ಅವರಲ್ಲಿ ಪ್ರತಿಗೂ ಜೋಡಿಗೂ ಸೇರಿ ಐದು ಬಗೆಯ ಏರ್ಪಾಟುಗಳಿದ್ದುವು. ತೆಗೆದು ನೋಡಿದರೆ ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ದಿನವೂ ಪ್ರತಿ ತೆಗೆಯಬೇಕಾಗಿದ್ದ ಕಾರ್ಯಕ್ರಮದ ಆವೃತ್ತಿ ಹೊಂದಿಕೆಯಾಗದೆ ಪ್ರತಿದಿನವೂ ಸೋಲುತ್ತಿತ್ತು. ಸೋತೆನೆಂದು ಅದು ಕಳಿಸಿದ ಮಿಂಚಂಚೆಗಳು ದಾರಿಯಲ್ಲೇ ತಿರಸ್ಕೃತವಾಗಿ ಯಾರಿಗೂ ಮುಟ್ಟುತ್ತಿರಲಿಲ್ಲ. ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ಒಬ್ಬ ನೌಕರ ತೆಗೆದಿಟ್ಟಿದ್ದ ಪ್ರತಿಯೊಂದು ಆಕಸ್ಮಿಕವಾಗಿ ಸಿಕ್ಕಿ ಮಾನ ಉಳಿಯಿತು; ಆ ಆರು ಗಂಟೆಗಳ ದಾಖಲೆ ಮಾತ್ರ ಹೋಯಿತು. ಆ ಕಂಪನಿ ಇದನ್ನೆಲ್ಲ ಮುಚ್ಚಿಡದೆ ಲೋಕಕ್ಕೆ ಬರೆದು ತಿಳಿಸಿದ್ದರಿಂದ ನಮ್ಮಂಥವರಿಗೂ ಪಾಠವಾಯಿತು.

ಆದ್ದರಿಂದ ನಾವು ಎರಡು ನಿಯಮ ಮಾಡಿಕೊಂಡಿದ್ದೇವೆ. ಮೊದಲನೆಯದು, ಪ್ರತಿ ಮುಗಿದಾಗ "ಮುಗಿಯಿತು" ಎಂಬ ಸಂದೇಶ ದಿನವೂ ಬರಬೇಕು. ಬಾರದಿದ್ದರೆ ಅದೇ ಅಪಾಯದ ಗಂಟೆ. ಎರಡನೆಯದು, ಮೂರು ತಿಂಗಳಿಗೊಮ್ಮೆ ಭಾನುವಾರ ಇಬ್ಬರು ಸದಸ್ಯರು ಕುಳಿತು, ಚೀಟಿ ಎತ್ತಿ, ಬಂದ ಸಂಖ್ಯೆಯ ಸಂಚಿಕೆಯೊಂದನ್ನೂ ಧ್ವನಿಮುದ್ರಣವೊಂದನ್ನೂ ಪೋರ್ಟಬಲ್ ಡಿಸ್ಕಿನಿಂದ ಬೇರೊಂದು ಕಂಪ್ಯೂಟರಿಗೆ ಇಳಿಸಿ, ಓದಿ, ಕೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು.

ಮೊದಲ ಪರೀಕ್ಷೆಯಲ್ಲಿ ಏನಾಯಿತೆಂಬುದನ್ನೂ ಹೇಳಿಬಿಡುತ್ತೇವೆ. ನಾವು ಸೋತೆವು. ಚೀಟಿಯಲ್ಲಿ ಬಂದ ರಾಜ್ಯೋತ್ಸವದ ಚಿತ್ರಮುದ್ರಣ ಡಿಸ್ಕಿನಲ್ಲಿ ಇರಲೇ ಇಲ್ಲ. ಹುಡುಕಿದಾಗ ಕಾರಣ ತಿಳಿಯಿತು. ಆ ಹಳೆಯ ಡಿಸ್ಕನ್ನು ಫ್ಯಾಟ್32 ಎಂಬ ಕ್ರಮದಲ್ಲಿ ಸಿದ್ಧಪಡಿಸಲಾಗಿತ್ತು. ಆ ಕ್ರಮದಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಸಣ್ಣ ಕಡತಗಳೆಲ್ಲ ಹೋಗಿದ್ದುವು, ದೊಡ್ಡವು ಹೊರಗುಳಿದಿದ್ದುವು. ಪರೀಕ್ಷೆ ಮಾಡದಿದ್ದರೆ ಇದು ಇನ್ನೊಂದು ಅನಾಹುತದ ದಿನವೇ ತಿಳಿಯುತ್ತಿತ್ತು. ಡಿಸ್ಕನ್ನು ಬೇರೆ ಕ್ರಮದಲ್ಲಿ ಸಿದ್ಧಪಡಿಸಿ ಮತ್ತೆ ಪ್ರತಿ ತೆಗೆದೆವು. ಎರಡನೆಯ ಪರೀಕ್ಷೆಯಲ್ಲಿ ಎಲ್ಲವೂ ಬಂತು.

ಇನ್ನೊಂದು ಮಾತು. ಸರ್ವರಿನ ಪಾಸ್‌ವರ್ಡು, ಗುಪ್ತಲಿಪಿಯ ಕೀಲಿ, ಬದಲಿ ಯಂತ್ರವನ್ನು ಎಬ್ಬಿಸುವ ಕ್ರಮ ಇವನ್ನು ಸರ್ವರಿನಲ್ಲಿಯೇ ಬರೆದಿಟ್ಟರೆ, ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದಂತೆ. ನಾವು ಕಾಗದದಲ್ಲಿ ಬರೆದು, ಅರಗಿನ ಮುದ್ರೆಯ ಲಕೋಟೆಯಲ್ಲಿಟ್ಟು, ಒಂದನ್ನು ಅಧ್ಯಕ್ಷರಿಗೂ ಒಂದನ್ನು ಕಾರ್ಯದರ್ಶಿಗಳಿಗೂ ಕೊಟ್ಟಿದ್ದೇವೆ. ಯಂತ್ರಕ್ಕೆ ಜೋಡಿ ಇದ್ದರೆ ಸಾಲದು, ತಿಳಿದ ಮನುಷ್ಯನಿಗೂ ಜೋಡಿ ಬೇಕು. ಊರಿಗೆ ಹೋದವರು ಜಾತ್ರೆ ಮುಗಿಸಿ ಬರುವ ವರೆಗೆ ಸಂಘ ಕಾಯುತ್ತ ಕುಳಿತಿರಲಾಗದು.

ವಾಚಕರು ಮಾಡಬಹುದಾದದ್ದು

ತಮ್ಮ ಆಫೀಸಿನ ಟ್ಯಾಲಿ ಲೆಕ್ಕವನ್ನೋ ಸೊಸೈಟಿಯ ಮೇಂಟೆನೆನ್ಸ್ ಪಟ್ಟಿಯನ್ನೋ ನೋಡಿಕೊಳ್ಳುವವರು ಇಷ್ಟೆಲ್ಲವನ್ನೂ ಮಾಡಬೇಕಾಗಿಲ್ಲ. ಎರಡು ಪೋರ್ಟಬಲ್ ಡಿಸ್ಕ್ ಸಾಕು; ಒಂದು ಒಳಗೆ, ಒಂದು ಹೊರಗೆ, ವಾರಕ್ಕೊಮ್ಮೆ ಅದಲುಬದಲು. ಹೊರಗೆ ಒಯ್ಯುವ ಮುನ್ನ ಮಾಲಿಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು. ಇಲ್ಲದಿದ್ದರೆ ಒಳ್ಳೆಯದು ಮಾಡಲು ಹೋಗಿ ಅಪವಾದ ಬಂದೀತು. ಪ್ರತಿ ತೆಗೆದು ಮುಗಿದೊಡನೆ ಡಿಸ್ಕನ್ನು ಬಿಚ್ಚಿಡಬೇಕು. ಮೂರು ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಊರಿನ ಪಹಣಿ, ಮಕ್ಕಳ ಅಂಕಪಟ್ಟಿ, ತಂದೆತಾಯಿಗಳ ಭಾವಚಿತ್ರ ಇವನ್ನು ಫೋನಿನಲ್ಲಿ ಮಾತ್ರ ಇಟ್ಟುಕೊಂಡವರಿಗೂ ಇದೇ ಮಾತು ಅನ್ವಯಿಸುತ್ತದೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಫೋನು ಹೋಗುವುದಕ್ಕೆ ನಿಮಿಷ ಬೇಡ.

2011ರಿಂದ ಮಾರ್ಚ್ 31ನ್ನು ಬ್ಯಾಕಪ್ ದಿನವೆಂದು ಆಚರಿಸುತ್ತ ಬಂದಿದ್ದಾರೆ. ನಮ್ಮ ಗುಮಾಸ್ತ ಮಿತ್ರರಿಗೆ ಆ ತಾರೀಖನ್ನು ನೆನಪಿಸಬೇಕಾಗಿಲ್ಲ. ವರ್ಷದ ಲೆಕ್ಕ ಮುಗಿಸಿ ಏಳುವ ಮುನ್ನ ಒಂದು ಪ್ರತಿ ತೆಗೆದೇ ಏಳಿರಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮಗೆ ಅನ್ವಯಿಸಿತು, ನಿಮಗೆ ಅನ್ವಯಿಸದಿರಲಿ.

ಮುಂದಿನ ಪರೀಕ್ಷೆಗೆ ಇಬ್ಬರು ಸದಸ್ಯರು ಬೇಕಾಗಿದ್ದಾರೆ. ಕಂಪ್ಯೂಟರಿನ ಜ್ಞಾನ ಬೇಕಾಗಿಲ್ಲ. ಕನ್ನಡ ಓದಲು ಬಂದರೆ, ಕೇಳಲು ಕಿವಿಯಿದ್ದರೆ ಸಾಕು. ಗ್ರಂಥಪಾಲಕರಲ್ಲಿ ಹೆಸರು ಕೊಡಿ. ಅಂದಿನ ಚಹ ಸಂಘದ್ದು. ಹಾಗೆಯೇ, ತೀರಿಹೋದ ಆ ಹಿರಿಯರ ಮಾತನ್ನು ಅಂದು ತಮ್ಮ ಫೋನಿನಲ್ಲಿ ಸ್ವಲ್ಪವಾದರೂ ಮುದ್ರಿಸಿಕೊಂಡವರು ಯಾರಾದರೂ ಇದ್ದರೆ, ಐದು ನಿಮಿಷದ್ದಾದರೂ ಸರಿ, ದಯವಿಟ್ಟು ತಂದುಕೊಡಿ. ಮೂರು ಪ್ರತಿ ಮಾಡಿ, ಒಂದನ್ನು ಅವರ ಮಗಳ ಕೈಗೆ ಕೊಡುತ್ತೇವೆ.